ಮೀಟರಿನ ಮೇಲೆ ಕವುಚಿದ ಕೊಳಗ

ನನಗಾಗ ಅರವತ್ತೆರಡು, ಈಗ್ಗೆ ಐದು ವರ್ಷದ ಹಿಂದಿನ ಮಾತು. ಇವತ್ತು ನೆನಪಾದದ್ದು ನೀರಿನ ಮೀಟರ್ ನೋಡಲು ಬಂದವನಿಂದ. ಅದರ ಮೇಲೆ ಕವುಚಿದ್ದ ತೂತು ಕೊಳಗವನ್ನು ಪಕ್ಕಕ್ಕಿಟ್ಟು, "ಇದ್ಯಾಕಜ್ಜಿ?" ಅಂದ. ಬಿಸಿಲಿಗೆ ಅಂದೆ. ಅಂಕಿ ಬರೆದುಕೊಂಡು, ಒಬ್ಬಳೇ ಇರುವವಳು ಇಷ್ಟೊಂದು ನೀರು ಏನು ಮಾಡುತ್ತೀಯ ಅಂತ ಕೇಳಿದ. ಅಂಗಳದ ತುಂಬ ಬಿದ್ದಿರುವ ಪಾತ್ರೆ ಅವನಿಗೆ ಕಾಣಲಿಲ್ಲವೇನೋ. ನಾನೂ ಹೇಳಲು ಹೋಗಲಿಲ್ಲ. ನಿಮಗೆ ಹೇಳುತ್ತೇನೆ.

ಮದುವೆ ಅಡುಗೆಯ ಪಾತ್ರೆ ತೊಳೆಯುವುದು ನನ್ನ ಕೆಲಸ. ತುಮಕೂರಿನ ಅಡುಗೆ ಕಂಟ್ರಾಕ್ಟರೊಬ್ಬರು ಗುಬ್ಬಿ, ಕುಣಿಗಲ್, ಯಡಿಯೂರು, ಎಲ್ಲಿ ಅಡುಗೆ ಮಾಡಿದರೂ ಸೌದೆ ಒಲೆಯ ಮಸಿ ಸಮೇತ ಪಾತ್ರೆಗಳನ್ನು ಲಗೇಜ್ ಆಟೋದಲ್ಲಿ ತಂದು ನನ್ನ ಅಂಗಳದಲ್ಲಿ ಇಳಿಸುತ್ತಾರೆ. ಕೆಲವು ಕೊಳಗದೊಳಗೆ ನಾನೇ ಕೂರಬಹುದು. ತಳ ಉಜ್ಜಲು ಒಂದು ಸಲ ಕೂತೂ ಇದ್ದೇನೆ. ಜಯಮ್ಮ ರಟ್ಟೆ ಹಿಡಿದು ಎಳೆದ ಮೇಲೆ ಈಚೆ ಬಂದೆ. ಪಾತ್ರೆಗೆ ಇಷ್ಟು ಅಂತ ಕೂಲಿ. ನೀರು ನನ್ನದು, ಹುಣಸೆಹಣ್ಣು ನನ್ನದು, ಸೊಂಟವೂ ನನ್ನದು.

ಜಯಮ್ಮ ಹಿಂದಿನ ವಠಾರದವಳು. ಗಂಡ ಸತ್ತ ಮೇಲೆ ಒಂದು ಕೋಣೆಯಲ್ಲಿದ್ದಳು; ಅಲ್ಲಿ ನಲ್ಲಿ ಇರಲಿಲ್ಲ. ಬೆಳಿಗ್ಗೆ ನನ್ನ ನಲ್ಲಿಯಲ್ಲಿ ಎರಡು ಕೊಡ ಹಿಡಿಯುವಳು, ಆಮೇಲೆ ಸೆರಗು ಸಿಕ್ಕಿಸಿಕೊಂಡು ನನ್ನ ಜೊತೆ ಕೂರುವಳು. ಕೂಲಿ ಕೊಡುತ್ತೇನೆ ಅಂತ ನಾನು ಅನ್ನಲಿಲ್ಲ, ಅವಳೂ ಕೇಳಲಿಲ್ಲ. ನಾನು ಉಜ್ಜುವುದು, ಅವಳು ಚೊಂಬಿನಲ್ಲಿ ಹುಯ್ಯುವುದು. ಆ ಮದುವೆಗಳಿಗೆ ನಮ್ಮನ್ನು ಕರೆದವರಿಲ್ಲ. ಆದರೂ ಪಾತ್ರೆ ನೋಡಿಯೇ ಅವಳು ಮದುವೆಯ ಬಂಡವಾಳವೆಲ್ಲ ಹೇಳುತ್ತಿದ್ದಳು. "ನೋಡಕ್ಕ, ಸಾಂಬಾರು ತಳನೇ ಹಿಡಿದಿಲ್ಲ. ಬೇಳೆ ಬಿದ್ದಿದ್ರೆ ತಾನೆ ಹಿಡಿಯಾಕೆ." ಇಂಥದ್ದು ದಿನಕ್ಕೊಂದು.

ಆಮೇಲೆ ಮೀಟರ್ ಬಂತು. ಅಲ್ಲಿಯವರೆಗೆ ನಲ್ಲಿಗೆ ತಿಂಗಳಿಗೆ ಇಷ್ಟು ಅಂತ ಕಟ್ಟಿದರಾಯಿತು, ಎಷ್ಟು ಹಿಡಿದೆ ಅಂತ ಕೇಳುವವರಿರಲಿಲ್ಲ. ಮೀಟರಿನ ಗಾಜಿನೊಳಗೆ ಒಂದು ಪುಟ್ಟ ಚಕ್ರ. ನಲ್ಲಿ ಬಿಟ್ಟರೆ ಅದೂ ತಿರುಗುತ್ತದೆ. ಅಕ್ಷರ ನನಗೆ ಅಷ್ಟಕ್ಕಷ್ಟೇ, ಅಂಕಿ ಚೆನ್ನಾಗಿ ಬರುತ್ತದೆ. ಮೊದಲ ಬಿಲ್ಲು ನೋಡಿ, ಕೂಲಿ ಜಾಸ್ತಿ ಮಾಡಿ ಅಂತ ಕಂಟ್ರಾಕ್ಟರನ್ನು ಕೇಳಿದೆ. ನಿಮ್ಮ ಮನೆ ನೀರಿಗೆ ನಾನ್ಯಾಕಮ್ಮ ಕೊಡಲಿ ಅಂದರು.

ಮಾರನೆಯ ದಿನ ಜಯಮ್ಮನ ಕೊಡ ತುಂಬುತ್ತಿದ್ದಾಗ ನನ್ನ ಕಣ್ಣು ಆ ಚಕ್ರದ ಮೇಲೆ ಹೋಯಿತು. ನಾನು ನೋಡಿದ್ದನ್ನು ಅವಳು ನೋಡಿದಳು. ಅರ್ಧ ತುಂಬಿದ್ದ ಕೊಡವನ್ನು ನನ್ನ ಬಾನಿಗೆ ಬಗ್ಗಿಸಿ ಹೊರಟುಹೋದಳು. ನೋಡಿದ್ದು ತಪ್ಪು ಅಂತ ಈಗಲೂ ನಾನು ಹೇಳುವುದಿಲ್ಲ. ಬಿಲ್ಲು ಕಟ್ಟುವವಳು ನೋಡದೆ ಇನ್ನಾರು ನೋಡಬೇಕು?

ಅವಳು ಬೀದಿಯ ಕೊನೆಯ ಮಿನಿ ಟ್ಯಾಂಕಿನಲ್ಲಿ ಬೋರಿನ ನೀರು ಹಿಡಿಯತೊಡಗಿದಳು. ನನ್ನ ಮನೆ ಮುಂದೆಯೇ ಹೋಗುವಳು, ತಿರುಗಿ ನೋಡುವುದಿಲ್ಲ. ನಾನೂ ಕರೆಯಲಿಲ್ಲ. ಒಂದು ದಿನ ಕೇಸರಿಬಾತಿನ ಪಾತ್ರೆ ಕೆರೆದೆ. ಹೆಸರಿಗೆ ಒಂದು ದ್ರಾಕ್ಷಿ ಇಲ್ಲ. ಹೇಳಲು ತಲೆ ಎತ್ತಿದೆ. ಎದುರಿಗೆ ಗೋಡೆ.

ಅವಳ ಎರಡು ಕೊಡ ತಪ್ಪಿದ ಮೇಲೆ ಬಿಲ್ಲು ಇಳಿಯಬೇಕಿತ್ತು. ಏರಿತು. ಕೂತು ಯೋಚಿಸಿದೆ. ಒಂದು ಕೈಯಲ್ಲಿ ಕೊಳಗ ವಾಲಿಸಿ ಹಿಡಿಯಬೇಕು, ಇನ್ನೊಂದರಲ್ಲಿ ಉಜ್ಜಬೇಕು. ಹುಯ್ಯಲು ಮೂರನೇ ಕೈ ಇಲ್ಲ. ಹಾಗಾಗಿ ನಲ್ಲಿ ತನ್ನ ಪಾಡಿಗೆ ಹರಿಯುತ್ತಲೇ ಇತ್ತು. ಜಯಮ್ಮ ಚೊಂಬಿನಲ್ಲಿ ಹುಯ್ದು ಉಳಿಸುತ್ತಿದ್ದ ನೀರಿನ ಮುಂದೆ ಅವಳ ಎರಡು ಕೊಡ ಯಾವ ಲೆಕ್ಕ?

ಬಿಲ್ಲು ಹಿಡಿದುಕೊಂಡೇ ಅವಳ ಕೋಣೆಗೆ ಹೋದೆ. "ನೀನಿಲ್ದೆ ಜಾಸ್ತಿ ಬಂದೈತೆ ಕಣೇ. ನಾಳೆಯಿಂದ ಬಾ," ಅಂದೆ.

ಅವಳು ಚಾಪೆ ಸುತ್ತುತ್ತಿದ್ದಳು. ಗುಬ್ಬಿಯ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಸಿಕ್ಕಿದೆಯಂತೆ, ಇರಲು ಜಾಗವೂ ಅಲ್ಲೇ, ಸಂಜೆ ಬಸ್ಸಿಗೆ ಹೊರಡುವುದು. ಬಿಲ್ಲನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳಿಗೆ ಅಂಕಿಯೂ ಬರುವುದಿಲ್ಲ.

"ಅಂಗಾದ್ರೆ ನಾನು ನಿಂಗೆ ಲಾಭನೇ ಆಗಿದ್ದೆ ಅನ್ನು."

"ಊಂ."

"ಇದ್ನ ಮುಂಚೆನೇ ಬಂದು ಹೇಳಾಕೆ ಏನಾಗಿತ್ತಕ್ಕ?"

"ಬಿಲ್ಲು ಇವತ್ತು ಬಂತು ಕಣೇ," ಅಂದೆ.

ಅವಳು ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಕೊಡ ಎರಡನ್ನೂ ನನಗೇ ಬಿಟ್ಟುಹೋದಳು. ಹಾಸ್ಟೆಲಿನಲ್ಲಿ ಬೇಕಾದಷ್ಟು ನಲ್ಲಿ ಇವೆಯಂತೆ. ಬಸ್ಸಿನ ತನಕ ನಾನು ಹೋಗಲಿಲ್ಲ. ಅವತ್ತು ಬೆಳ್ಳಾವಿಯಿಂದ ಪಾತ್ರೆ ಬರುವುದಿತ್ತು.

ಮಾರನೆಯ ಬೆಳಿಗ್ಗೆ ಎದ್ದವಳೇ ಮೂಲೆಯಲ್ಲಿದ್ದ ತೂತು ಕೊಳಗವನ್ನು ತಂದು, ಚಕ್ರ ಕಣ್ಣಿಗೆ ಬೀಳದ ಹಾಗೆ ಮೀಟರಿನ ಮೇಲೆ ಕವುಚಿದೆ. ನಲ್ಲಿ ಬಿಟ್ಟೆ. ಬಾನಿ ತುಂಬಿತು, ತುಂಬಿ ಹರಿಯಿತು. ನಿಲ್ಲಿಸಲು ಏಳಲಿಲ್ಲ. ಅಂಗಳದಲ್ಲಿ ಅದೊಂದೇ ಸದ್ದು. ಬೆಳ್ಳಾವಿಯಿಂದ ಬಂದ ಕೊಳಗವೊಂದನ್ನು ಹತ್ತಿರಕ್ಕೆ ಎಳೆದುಕೊಂಡು ಉಜ್ಜುತ್ತಾ ಕೂತೆ.