ಊರಮ್ಮನನ್ನು ಬೈದ ಪಾಠ

ಆ ಕಥೆಯನ್ನು ನಾನು ಈಗಲೂ ಪಾಠ ಮಾಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡೆದದ್ದನ್ನು ಕೇಳಿದವರೆಲ್ಲ ಕೊನೆಗೆ ದನಿ ತಗ್ಗಿಸಿ, ಆಮೇಲಾದರೂ ಅದನ್ನು ಬಿಟ್ಟಿರಾ ಎಂದು ಕೇಳುತ್ತಾರೆ. ಬಿಟ್ಟಿಲ್ಲ. ಬಿಡುವ ಯೋಚನೆಯೂ ಇಲ್ಲ.

ರಾಮನಗರದ ಒಂದು ಪದವಿ ಕಾಲೇಜಿನಲ್ಲಿ ನಾನು ಕನ್ನಡದ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ ಮಾತ್ರ. ಯಾರೂ ಮಣೆ ಹಾಕಿ ಕೂರಿಸುವುದಿಲ್ಲ. ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ ಕರೆ ಬರುವವರೆಗೆ ಕಾಯಬೇಕು. ಮೊದಲ ವರ್ಷದವರ ಪಠ್ಯದಲ್ಲಿ ಒಂದು ಸಣ್ಣ ಕಥೆ ಇತ್ತು. ಕುರಿ ಸಾಕುವ ಮುದುಕಿಯೊಬ್ಬಳ ಮಂದೆಗೆ ರೋಗ ತಗಲುತ್ತದೆ. ಅವಳು ಊರಮ್ಮನ ಗುಡಿಗೆ ಹೋಗಿ, ಹೊಸ್ತಿಲಲ್ಲೇ ಕೂತು, ದೇವಿಯನ್ನು ಹಿಗ್ಗಾಮುಗ್ಗಾ ಬೈಯುತ್ತಾಳೆ. ವರ್ಷ ವರ್ಷ ನನ್ನ ಕೈಯಿಂದ ಮರಿ ತಿಂದವಳು ಈಗ ಕಲ್ಲಿನ ಹಾಗೆ ಕೂತಿದ್ದೀಯಲ್ಲ, ನಾಚಿಕೆ ಆಗುವುದಿಲ್ಲವಾ ಎಂದು ಕೇಳುತ್ತಾಳೆ. ಕಥೆಯ ಅರ್ಧ ಇಷ್ಟು. ಉಳಿದರ್ಧದಲ್ಲಿ ದೇವಿ ಉತ್ತರ ಕೊಡುತ್ತಾಳೆ.

ನನಗೆ ಆ ಕಥೆ ಓದಿ ತಿಳಿದುಕೊಳ್ಳಬೇಕಾದದ್ದೇ ಅಲ್ಲ. ನಾನು ಉಯ್ಯಂಬಳ್ಳಿ ಕಡೆಯವಳು, ನಮ್ಮದೂ ಕುರಿ ಸಾಕುವ ಮನೆ. ಚಿಕ್ಕವಳಿದ್ದಾಗ ನನಗೆ ಜ್ವರ ಬಂದು ಇಳಿಯದೆ ಹೋದಾಗ ನನ್ನ ಅವ್ವ ಗುಡಿಯ ಮುಂದೆ ನಿಂತು ಬೈದ ಮಾತುಗಳನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರು ವಾಪಸ್ಸು ಕಳಿಸಿಬಿಟ್ಟಾರು. ಬೈದು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಅದೇ ದೇವಿಗೆ ಅಡ್ಡಬಿದ್ದು ಬಂದಳು. ನಮ್ಮ ಕಡೆ ಹಾಗೆಯೇ. ದೇವಿಯನ್ನು ಬೈಯುವುದಕ್ಕೆ ಸಲುಗೆ ಬೇಕು, ಸಲುಗೆ ಬರುವುದಕ್ಕೆ ನಂಬಿಕೆ ಬೇಕು. ನಂಬದವನು ಬೈಯುವುದಿಲ್ಲ, ಸುಮ್ಮನೆ ಗುಡಿ ದಾಟಿಕೊಂಡು ಹೋಗುತ್ತಾನೆ.

ತರಗತಿಯಲ್ಲಿ ಓದಲು ನಾನು ಎಬ್ಬಿಸಿದ್ದು ಕೈಲಾಂಚ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿಯನ್ನು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ, ಜಮೀನು ಇದ್ದ ಒಕ್ಕಲು ಮನೆಯವಳು. ಕಾಲೇಜಿನಲ್ಲಿ ಮಾತ್ರ ಹಿಂದಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ, ಬಾಯಿ ಬಿಡುತ್ತಿರಲಿಲ್ಲ. ಮುದುಕಿಯ ಬೈಗುಳವನ್ನು ಅವಳು ಹಾಜರಿ ಕೂಗುವ ಧಾಟಿಯಲ್ಲಿ ಓದತೊಡಗಿದಳು. ನನಗೆ ತಡೆಯಲಾಗಲಿಲ್ಲ. ನಿಮ್ಮಜ್ಜಿ ಹೀಗಾ ಬೈಯೋದು, ಎಂದು ಕೇಳಿದೆ.

ಅವಳು ತಲೆ ತಗ್ಗಿಸಿ ನಕ್ಕಳು. ಆಮೇಲೆ ಪುಸ್ತಕ ಮುಚ್ಚಿ, ಸೊಂಟದ ಮೇಲೆ ಕೈಯಿಟ್ಟು, ಶುರು ಮಾಡಿದಳು. ಅವಳ ಅಜ್ಜಿಯೇ ಬಂದು ನಿಂತಂತಾಯಿತು. ಹಾಳಾದೋಳೆ ಎಂಬುದರಿಂದ ಹಿಡಿದು ನಿನ್ ಕಣ್ ಇಂಗೋಗ ಎನ್ನುವವರೆಗೆ ಒಂದೂ ಬಿಡಲಿಲ್ಲ. ತರಗತಿ ಮೊದಲು ಬೆಪ್ಪಾಗಿ ಕೂತಿತ್ತು, ಆಮೇಲೆ ಬಿದ್ದು ಬಿದ್ದು ನಕ್ಕಿತು. ಮಾಗಡಿ ಕಡೆಯವಳೊಬ್ಬಳು ನಮ್ಮೂರಲ್ಲಿ ಇನ್ನೂ ಜೋರು ಅಂದಳು. ಕನಕಪುರದ ಹುಡುಗ ತನ್ನ ಸೋದರತ್ತೆಯ ದನಿ ತೆಗೆದ. ಬೆಲ್ಲು ಹೊಡೆಯಿತು. ದೇವಿಯ ಉತ್ತರ ಓದುವುದು ಹಾಗೇ ಉಳಿಯಿತು. ಇಷ್ಟು ವರ್ಷದ ಪಾಠದಲ್ಲಿ ಅಷ್ಟು ಚೆನ್ನಾಗಿ ನಡೆದ ಇನ್ನೊಂದು ತರಗತಿ ನನಗೆ ನೆನಪಿಲ್ಲ.

ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದಿದ್ದರು. ಸಂಜೆಯ ಹೊತ್ತಿಗೆ ಎಲ್ಲರ ವಾಟ್ಸಾಪಿಗೂ ಬಂತು. ಅದರಲ್ಲಿ ಮುದುಕಿ ಇರಲಿಲ್ಲ, ಕುರಿ ಇರಲಿಲ್ಲ, ಕಥೆ ಇರಲಿಲ್ಲ. ಕಾಲೇಜು ಹುಡುಗಿಯೊಬ್ಬಳು ದೇವಿಯನ್ನು ಬೈಯುತ್ತಿದ್ದಳು, ಉಳಿದವರು ನಗುತ್ತಿದ್ದರು.

ಮರುದಿನ ಶಾಲು ಹೊದ್ದ ಕೆಲವರು ಪ್ರಿನ್ಸಿಪಾಲರ ಕೋಣೆಗೆ ಬಂದರು. ಮುಂದಾಳು ಹೆದ್ದಾರಿಯ ಪಕ್ಕ ಅಂಗಡಿ ಇಟ್ಟುಕೊಂಡಿದ್ದ ಹಿರಿಯ ಗೃಹಸ್ಥರು. ಅವರು ಕೂಗಾಡಲಿಲ್ಲ. ಆ ವಿಡಿಯೋ ನೋಡಿ ತಮಗೆ ಊಟ ಸೇರಲಿಲ್ಲ ಎಂದರು, ಅದು ಸುಳ್ಳೆಂದು ನನಗೆ ಅನ್ನಿಸಲಿಲ್ಲ. ಆದರೆ ಅವರ ಆಕ್ಷೇಪ ಎರಡಿತ್ತು. ದೇವಿಯನ್ನು ಬೈದದ್ದು ಒಂದು. ದೇವಿ ಮರಿ ತಿನ್ನುತ್ತಾಳೆ ಎಂದು ಪಠ್ಯದಲ್ಲಿ ಬರೆದದ್ದು ಇನ್ನೊಂದು, ಅದು ನಮ್ಮ ಧರ್ಮಕ್ಕೆ ಅವಮಾನವಂತೆ. ನಾನು ನಕ್ಕುಬಿಟ್ಟೆ. ಊರಮ್ಮನ ಹಬ್ಬದ ದಿನ ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಬಾಡಿನ ಸಾರಿನ ಘಮಲು ಊರಾಚೆಗೇ ಬಂದು ಎದುರುಗೊಳ್ಳುತ್ತದೆ. ಆ ಹಳ್ಳಿಗಳ ಮಕ್ಕಳೇ ನನ್ನ ತರಗತಿ ತುಂಬ ಕೂತಿರುವುದು. ಅವರ ಮನೆಯ ದೇವಿ ಅವರ ಪುಸ್ತಕಕ್ಕೆ ಬಂದರೆ ಅವಮಾನ ಯಾರಿಗೆ? ಹಾಗೆಂದು ಕೇಳಿಯೂಬಿಟ್ಟೆ.

ನಮ್ಮ ಪ್ರಿನ್ಸಿಪಾಲರು ಕೆಟ್ಟವರಲ್ಲ, ಪುಕ್ಕಲರು. ಪಠ್ಯಪುಸ್ತಕ ತರಿಸಿ, ವಿಡಿಯೋ ಹಾಕಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹುಡುಗಿ ಆಡಿದ ಮಾತು ಪುಸ್ತಕದಲ್ಲಿ ಇರಲಿಲ್ಲ. ಅವರ ಮುಖ ಅರಳಿತು. ಹಾಗಾದರೆ ಪಠ್ಯದ್ದು ತಪ್ಪಿಲ್ಲ, ಕಾಲೇಜಿನದ್ದೂ ತಪ್ಪಿಲ್ಲ, ಹುಡುಗಿ ಕೈಮುಗಿದು ಕ್ಷಮೆ ಕೇಳಿದರೆ ಇಲ್ಲಿಗೆ ಮುಗಿಯಿತು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದೊಡ್ಡ ಕಟ್ಟಡ, ಇಷ್ಟು ಜನ ಸಂಬಳದವರು, ಅಪಾಯ ಬಂದಾಗ ಮುಂದೆ ತಳ್ಳಲು ಸಿಕ್ಕಿದ್ದು ಹಿಂದಿನ ಬೆಂಚಿನ ಒಂದು ಹುಡುಗಿ.

"ಓದಿಸಿದ್ದು ನಾನು ಸರ್. ಅವಳು ಕೈ ಮುಗಿಯಲ್ಲ, ನಾನೂ ಮುಗಿಯಲ್ಲ," ಎಂದೆ.

ಅವರು ನನ್ನ ಮುಂದಿನ ವರ್ಷದ ಅರ್ಜಿಯ ವಿಷಯವನ್ನು ಮೆಲ್ಲಗೆ ನೆನಪಿಸಿದರು. ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಹೇಳಿ ಎಂದೆ. ಅವರು ಪಠ್ಯಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿಸಿದರು.

ಅಷ್ಟರಲ್ಲಿ ಹುಡುಗಿಯ ಅಪ್ಪನಿಗೆ ಫೋನು ಹೋಗಿತ್ತು. ಸೊಪ್ಪು ಕೊಯ್ಯುತ್ತಿದ್ದವರು ಹಾಗೇ ಬೈಕ್ ಹತ್ತಿ ಬಂದಿದ್ದರು, ಬೆರಳೆಲ್ಲ ಕಪ್ಪಾಗಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿರಿಯರು ತಮ್ಮ ಫೋನಿನಲ್ಲಿ ಮಗಳ ವಿಡಿಯೋ ತೋರಿಸಿದರು. ಆತ ಪೂರ್ತಿ ನೋಡಿದರು. ಅದು ತನ್ನ ತಾಯಿಯ ಮಾತು, ತಾಯಿಯ ಧಾಟಿ ಎಂದು ಅವರಿಗೆ ಗೊತ್ತಾಯಿತೆಂಬುದು ಮುಖದಲ್ಲೇ ಕಾಣುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಮಗಳು ವೇಲಿನ ತುದಿ ತಿರುಚುತ್ತಿದ್ದಳು.

ಹಿರಿಯರು ದಾರಿಯೊಂದನ್ನು ಹೇಳಿದರು. ಹುಡುಗಿ ತನ್ನ ಊರಿನ ದೇವಿಯ ಮುಂದೆಯೇ ತಪ್ಪುಕಾಣಿಕೆ ಕಟ್ಟಿ ತಪ್ಪಾಯಿತು ಅನ್ನಲಿ. ಅದನ್ನು ತಾವು ವಿಡಿಯೋ ಮಾಡಿ, ಮೊದಲ ವಿಡಿಯೋ ಹೋದ ಕಡೆಗೆಲ್ಲ ಕಳಿಸುತ್ತೇವೆ. ಅಪ್ಪ ಮಗಳ ಕಡೆ ಒಮ್ಮೆ ನೋಡಿ ಬಾಯಿಬಿಟ್ಟರು.

"ಆಯ್ತು ಸ್ವಾಮಿ. ಆದ್ರೆ ನಮ್ಮೂರಲ್ಲಿ ಅವ್ವನ್ನ ಕೇಳ್ದೆ ತಪ್ಪುಕಾಣ್ಕೆ ಕಟ್ಟಾಕಿಲ್ಲ. ಹೂ ಕೇಳಾನ. ಎಡಗಡೆ ಕೊಟ್ರೆ ತಪ್ಪು ನನ್ ಮಗ್ಳುದ್ದು. ಬಲಗಡೆ ಕೊಟ್ರೆ ಇಲ್ಲ."

ಹೂ ಕೇಳುವುದೆಂದರೆ ಇಷ್ಟೇ. ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ, ಪ್ರಶ್ನೆ ಕೇಳಿ, ಯಾವ ಕಡೆಯದು ಮೊದಲು ಬೀಳುತ್ತದೋ ಎಂದು ಎಲ್ಲರೂ ಕಾಯುತ್ತಾರೆ. ಮದುವೆ ನಿಲ್ಲುವುದು, ಬೋರು ಕೊರೆಯುವ ಜಾಗ ಗೊತ್ತಾಗುವುದು ಎಲ್ಲ ಹಾಗೆಯೇ. ಧರ್ಮದ ಪರವಾಗಿ ಬಂದವರು ಬೇಡ ಅನ್ನುವುದಾದರೂ ಹೇಗೆ. ಒಪ್ಪಿಕೊಂಡರು. ಆಗ ಹುಡುಗಿಯ ಅಪ್ಪ ನನ್ನ ಕಡೆ ತಿರುಗಿ, ಎಡಕ್ಕೆ ಬಂದರೆ ಇವಳನ್ನು ಮತ್ತೆ ಕಾಲೇಜಿಗೆ ಕಳಿಸಲು ಆಗುವುದಿಲ್ಲ, ಊರ ಮುಂದೆ ತಪ್ಪಾಯಿತು ಅಂದವಳನ್ನು ಯಾವ ಮುಖ ಹೊತ್ತುಕೊಂಡು ಬಸ್ಸು ಹತ್ತಿಸಲಿ ಎಂದರು. ಒಂದು ಹುಡುಗಿಯ ಓದು ಒದ್ದೆ ಹೂವಿನ ಮೇಲೆ ನಿಲ್ಲುವುದನ್ನು ನಾನು ಒಪ್ಪುವುದಿಲ್ಲ ಎಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಶುಕ್ರವಾರ ಬೆಳಗ್ಗೆ ನಾನೂ ಸ್ಕೂಟರು ಹತ್ತಿ ಆ ಊರಿಗೆ ಹೋದೆ. ಯಾರೂ ಕರೆದಿರಲಿಲ್ಲ. ಎಡಕ್ಕೆ ಬಿದ್ದರೆ ಅಲ್ಲೇ ನಿಂತು ಜಗಳ ಆಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ದಾರಿಯುದ್ದಕ್ಕೂ ಓದುವ ಹಕ್ಕು, ಸಂವಿಧಾನ, ಇನ್ನೂ ಏನೇನೋ ಮನಸ್ಸಿನಲ್ಲೇ ಭಾಷಣ ಮಾಡಿಕೊಂಡೆ. ಬೇವಿನ ಮರದ ಕೆಳಗೆ ಸಣ್ಣ ಗುಡಿ. ಜಗಲಿಯ ಮೇಲೆ ಹುಡುಗಿಯ ಅಜ್ಜಿ ಮತ್ತು ಇನ್ನಷ್ಟು ಹೆಂಗಸರು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಶಾಲಿನವರು ಕಾರಿನಲ್ಲಿ ಬಂದು ಇಳಿದರು. ಪೂಜಾರಿ ಕಣಗಲೆ ಹೂವು ಅದ್ದಿ ದೇವಿಯ ಎರಡೂ ಕಡೆ ಅಂಟಿಸಿ ಕೇಳಿದರು. ಹಿರಿಯರು ಫೋನು ಎತ್ತಿ ಹಿಡಿದು ನಿಂತರು.

ಹೂವು ಬೀಳಲಿಲ್ಲ. ಗಂಟೆ ಅಲ್ಲಾಡಿಸಿದರು, ಮತ್ತೆ ಕೇಳಿದರು, ಬೀಳಲಿಲ್ಲ. ಬಿಸಿಲು ಏರಿತು. ಹುಡುಗಿಯ ಅಪ್ಪ ಕೈಮುಗಿದು ನಿಂತಿದ್ದರೂ ಕಾಲು ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವುದನ್ನು, ಮುಗಿಸಿ ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಆ ಕೆಲವು ದಿನ ಹುಳದ ಹಸಿವೇ ಹಸಿವು, ಹೊತ್ತಿಗೆ ಸೊಪ್ಪು ಬೀಳದಿದ್ದರೆ ಇಡೀ ಬೆಳೆ ಕೈಬಿಡುತ್ತದೆ.

ದೇವಿ ತಡ ಮಾಡಿದರೆ ಮುಂದೆ ಏನು ನಡೆಯುತ್ತದೆ ಎಂಬುದು ನನಗೆ ಗೊತ್ತಿರಬೇಕಿತ್ತು. ನಾನೂ ಇಂಥ ಊರಿನವಳೇ. ಆದರೆ ಕೋಪದಲ್ಲಿ ಮರೆತೇಬಿಟ್ಟಿದ್ದೆ. ಹಿರಿಯರಿಗಂತೂ ಹೊಳೆದೇ ಇರಲಿಲ್ಲ.

ಜಗಲಿಯಿಂದ ಒಬ್ಬಳು ಹೆಂಗಸು ದೇವಿಗೇ, ಏನವ್ವ ನಿದ್ದೆ ಬಂದ್ಬುಡ್ತಾ ಎಂದಳು. ಇನ್ನೊಬ್ಬಳು, ಕಾರಲ್ಲಿ ಬಂದೋರ್ನ ನೋಡಿ ನಾಚ್ಕಂಡ್ಬುಟ್ಲು ಅಂದಳು. ಹಿರಿಯರು ಹುಬ್ಬು ಗಂಟು ಹಾಕಿ ಪೂಜಾರಿಯ ಕಡೆ ನೋಡಿದರು. ಪೂಜಾರಿ ದೀಪದ ಬತ್ತಿ ಸರಿಮಾಡುತ್ತಿದ್ದರು. ಆಗ ಅಜ್ಜಿ ಎದ್ದರು. ಬಾಯಲ್ಲಿದ್ದದ್ದನ್ನು ಉಗಿದು, ಸೊಂಟಕ್ಕೆ ಕೈಯಿಟ್ಟು, ಶುರುವಿಟ್ಟುಕೊಂಡರು. ಹಾಳಾದೋಳೆಯಿಂದ ಹಿಡಿದು ಕಣ್ ಇಂಗೋಗ ಎನ್ನುವವರೆಗೆ, ನನ್ನ ತರಗತಿಯಲ್ಲಿ ಕೇಳಿದ್ದೇ, ಅದೇ ಸಾಲಿನಲ್ಲಿ. ಹಿರಿಯರು ಫೋನು ಇಳಿಸಿದರು. ಮೆಲ್ಲಗೆ ಜೇಬಿಗೆ ಸೇರಿಸಿದರು. ಮೂಲೆಯಲ್ಲಿದ್ದ ಹುಡುಗಿ ವೇಲನ್ನು ಬಾಯಿಗೆ ಒತ್ತಿಕೊಂಡಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಕಾಣೆ.

ಆದರೂ ಹೂವು ಅಲ್ಲಾಡಲಿಲ್ಲ. ಅಪ್ಪ ಮುಗಿದಿದ್ದ ಕೈ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು.

"ಏನವ್ವ, ಕಿವಿ ಕೇಳಾಕಿಲ್ವಾ ನಿಂಗೆ? ಇವ್ಳಿಗೆ ಬೈಯಾದು ಕಲ್ಸಿದ್ಯಾರು, ನನ್ನವ್ವ. ನನ್ನವ್ವನ್ ಕೈಲಿ ಇಷ್ಟ್ ವರ್ಸ ಬೈಸ್ಕಂಡು, ಉಂಡ್ಕಂಡು ತಿಂದ್ಕಂಡು ಕುಂತಿದ್ದೋಳ್ಯಾರು, ನೀನು. ಆವಾಗ ಬರ್ದಿದ್ದ ಕ್ವಾಪ ಈಗ್ ಬತ್ತದಾ? ತಪ್ಪು ಅನ್ನಾಕೂ ಬಾಯಿಲ್ಲ, ಇಲ್ಲ ಅನ್ನಾಕೂ ಬಾಯಿಲ್ಲ." ಹೂವಿನ ಕಡೆ ಕೈ ತೋರಿ, ಮತ್ತೆ ಹೇಳಿದರು. "ನೀನ್ ಹೇಳ್ದಿದ್ರೆ ಬುಡು, ನಾನೇ ಹೇಳ್ತೀನಿ. ನನ್ ಮಗ್ಳುದ್ದು ತಪ್ಪಿಲ್ಲ. ಆ ಹೂವ ನೀನೇ ಮುಡ್ಕೋ."

ಆತ ಮಗಳ ಕಡೆ ತಿರುಗಿ, "ನಡಿಯವ್ವ, ಹುಳುಕ್ಕೆ ಸೊಪ್ಪಾಕ್ಬೇಕು. ನಾಳೀಕೆ ಬಸ್ಸಿಗೆ ಹೊತ್ತಾಗ್ದಂಗೆ ಏಳು," ಎಂದು ಹೇಳಿ ಬೈಕ್ ಒದ್ದರು. ಅವಳು ಹಿಂದೆ ಹತ್ತಿ ಕೂತಳು. ಬೈಕು ತೋಟದ ದಾರಿ ಹಿಡಿಯಿತು.

ನನ್ನ ಕಣ್ಣು ತುಂಬಿತ್ತು. ತಯಾರು ಮಾಡಿಕೊಂಡು ಹೋಗಿದ್ದ ಭಾಷಣದಲ್ಲಿ ಒಂದು ಮಾತೂ ಖರ್ಚಾಗಲಿಲ್ಲ, ಅದಕ್ಕೂ ಖುಷಿಯಾಯಿತು. ಶಾಲಿನವರು ಹೋಗುವುದೋ ನಿಲ್ಲುವುದೋ ತಿಳಿಯದೆ ನಿಂತಿದ್ದರು. ಬೈದು ದಣಿದಿದ್ದ ಅಜ್ಜಿ ಅವರನ್ನು, ಬಿಸಿಲಲ್ಲಿ ಬಂದಿದ್ದೀರಿ, ಮುದ್ದೆ ಉಂಡುಕೊಂಡು ಹೋಗಿ ಎಂದು ಕರೆದರು. ಉಣ್ಣದೆ ಹೋದರು.

ಆ ಹಿರಿಯರು ಸುಮ್ಮನಾಗಿಲ್ಲ. ಕಥೆಯನ್ನು ಪಠ್ಯದಿಂದ ತೆಗೆಯಿರಿ ಎಂದು ಮೇಲಿನವರಿಗೆ ಬರೆದಿದ್ದಾರಂತೆ. ಬರೆಯಲಿ. ಬರೆಯುವ ಹಕ್ಕು ಅವರಿಗೂ ಉಂಟು. ಅವರು ತೆಗೆಸುವ ದಿನದವರೆಗೆ ನಾನು ಪಾಠ ಮಾಡುತ್ತೇನೆ, ತೆಗೆಸಿದರೆ ಕಾಲೇಜಿನ ಮರದ ಕೆಳಗೆ ಕೂತು ಹೇಳುತ್ತೇನೆ. ಆ ಶನಿವಾರ ಬೆಳಗ್ಗೆ ಪ್ರಿನ್ಸಿಪಾಲರು ನನ್ನನ್ನು ಮೆಟ್ಟಿಲ ಬಳಿ ತಡೆದು, ಉಳಿದರ್ಧ ಬಿಟ್ಟುಬಿಡಿ ಮೇಡಂ, ಪರೀಕ್ಷೆಗೆ ಬರುವುದಿಲ್ಲ ಎಂದರು. ನಮಸ್ಕಾರ ಸರ್ ಎಂದು ಹೇಳಿ ತರಗತಿಗೆ ಹೋದೆ.

ಹುಡುಗಿ ಬಂದಿದ್ದಳು. ಹಿಂದಿನ ಬೆಂಚಲ್ಲ, ಎರಡನೆಯದು. ನಾವೆಲ್ಲ ಹೋದಮೇಲೆ ಹೂವು ಬಿತ್ತು ಮಿಸ್ ಎಂದಳು. ಯಾವ ಕಡೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನಿಲ್ಲಿಸಿದ ಕಡೆಯಿಂದ ಓದು ಎಂದೆ.

ಪುಟ ಹುಡುಕಿ ಎದ್ದು ನಿಂತಳು. ಕಥೆಯಲ್ಲಿ ದೇವಿ ಗುಡಿಯಿಂದ ಎದ್ದು ಹೊರಗೆ ಬಂದು, ಬೈದು ಸುಸ್ತಾದ ಮುದುಕಿಯ ಪಕ್ಕ ಹೊಸ್ತಿಲ ಮೇಲೆ ಕೂರುತ್ತಾಳೆ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಹುಡುಗಿ ಅಲ್ಲಿ ತಡೆದು, ಈ ಸಲ ಪುಸ್ತಕ ಮುಚ್ಚದೆ, ದೇವಿಯ ಮಾತನ್ನು ತನ್ನ ಅಜ್ಜಿಯ ದನಿಯಲ್ಲೇ ಓದಿದಳು.

"ಇಷ್ಟು ದಿನ ಯಾಕವ್ವ ಬೈಯಾಕೆ ಬರ್ನಿಲ್ಲ ನೀನು? ಒಬ್ಳೇ ಕುಂತಿದ್ದೆ."