ಜಾನಕಿಗೆ ಯಾವ ಸಾಲು

ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿರುವಾಗ ಮನೆಯಿಡೀ ಬೇರೆ ಯಾವುದೋ ವಾಸನೆ ತುಂಬಿಕೊಂಡರೆ ಅಡಿಗೆ ಮಾಡುವವಳಿಗೆ ಹೇಗಾಗಬೇಡ ಹೇಳಿ. ಕಳೆದ ತಿಂಗಳು ನನಗೆ ಹಾಗಾಯಿತು. ಸೌಟು ಹಿಡಿದುಕೊಂಡೇ ಹೋಗಿ ನೋಡಿದರೆ ಸಿಂಚನ ಚಾವಡಿಯ ನೆಲದಲ್ಲಿ ಬಿಳಿ ಚಾರ್ಟ್ ಹರವಿಕೊಂಡು, ಮಾರ್ಕರ್ ಪೆನ್ನುಗಳ ಮುಚ್ಚಳವನ್ನೆಲ್ಲ ತೆಗೆದಿಟ್ಟು, ದೊಡ್ಡ ದೊಡ್ಡ ಸೊನ್ನೆ ಬರೆಯುತ್ತಿದ್ದಾಳೆ. ಸಿಂಚನ ನನ್ನ ಅಣ್ಣನ ಮಗಳು. ನನ್ನ ತವರು ಬೆಳ್ಳಾರೆಯಿಂದಲೂ ಒಳಗೆ. ಅಲ್ಲಿಂದ ಬೆಳಗ್ಗಿನ ಬಸ್ಸಿಗೆ ನೇತಾಡಿಕೊಂಡು ಪುತ್ತೂರಿನ ಕಾಲೇಜಿಗೆ ಬರುವುದು ಕಷ್ಟವೆಂದು ನರಿಮೊಗರಿನ ನಮ್ಮ ಮನೆಯಲ್ಲಿ ಇದ್ದಾಳೆ.

ಕಾಲೇಜಿನಲ್ಲಿ ಏನೋ ಸ್ಪರ್ಧೆಯಂತೆ. ಸೊನ್ನೆಯ ಹೆಗಲಿಗೆ ಒಂದು ಬಾಣ ಸಿಕ್ಕಿಸಿದರೆ ಗಂಡು. ಸೊನ್ನೆಯ ಕೆಳಗೆ ಒಂದು ಶಿಲುಬೆ ನೇತುಹಾಕಿದರೆ ಹೆಣ್ಣು. ಬಾಣವೂ ಶಿಲುಬೆಯೂ, ಎರಡೂ ಕೂಡಿದ ಇನ್ನೊಂದು ಕಡ್ಡಿಯೂ ಒಂದೇ ಸೊನ್ನೆಗೆ ಇದ್ದರೆ, ಹುಟ್ಟಿದಾಗ ಊರು ಹೇಳಿದ್ದನ್ನು ಒಪ್ಪದೆ ತಾನು ಏನೆಂಬುದನ್ನು ತಾನೇ ಕಂಡುಕೊಂಡವರ ಗುರುತು. ಬರೀ ಕಡ್ಡಿಯ ಸೊನ್ನೆ, ನಾನು ಅದೂ ಅಲ್ಲ ಇದೂ ಅಲ್ಲ ಎನ್ನುವವರದು. ಬದಿಯಲ್ಲಿ ತಿಳಿನೀಲಿ, ಗುಲಾಬಿ, ಬಿಳಿ ಪಟ್ಟಿಗಳ ಒಂದು ಬಾವುಟ. ಕರೆಂಟಿನವರು ಕಂಬದ ಮೇಲೆ ಗೀಚಿ ಹೋಗುವ ಗುರುತಿನ ಹಾಗುಂಟಲ್ಲ ಎಂದು ನಾನು ತಮಾಷೆ ಮಾಡಿದೆ. ಹುಡುಗಿ ನಗಲಿಲ್ಲ. ಮೈ ಒಂದು, ಮನಸ್ಸು ತನ್ನನ್ನು ಏನೆಂದು ತಿಳಿದಿದೆ ಎನ್ನುವುದು ಇನ್ನೊಂದು, ಯಾರನ್ನು ಪ್ರೀತಿಸುತ್ತಾರೆ ಎನ್ನುವುದು ಮತ್ತೂ ಒಂದು, ಇದನ್ನೆಲ್ಲ ಒಂದೇ ಗೋಣಿಗೆ ತುಂಬಬಾರದು ಎಂದು ನನಗೆ ಪಾಠ ಮಾಡಿದಳು. ಮಾಡಲಿ ಬಿಡಿ, ನನಗೆ ಪಾಠ ಹೇಳುವವರು ಮನೆಯಲ್ಲಿ ಯಾರಿದ್ದಾರೆ.

ಆಮೇಲೆ ಕೇಳಿದಳು. “ಅತ್ತೆ, ನಮ್ಮ ಊರಿನದ್ದೇ ಒಂದು ಉದಾಹರಣೆ ಬರೀಬೇಕಂತೆ. ನಮ್ಮ ಕಡೆ ಇಂಥವರು ಯಾರಾದ್ರೂ ಇದ್ರಾ?”

ಸಾರು ತಳ ಹಿಡಿಯುತ್ತದೆ ಎಂದು ಹೇಳಿ ಒಳಗೆ ಬಂದೆ. ಸಾರು ತಳ ಹಿಡಿಯುವುದಿಲ್ಲ, ನಿಮಗೂ ಗೊತ್ತು.

ಚಾರ್ಟಿನ ಸೊನ್ನೆಗಳನ್ನು ನಾನು ಮೊನ್ನೆ ಮೊನ್ನೆ ಕಂಡದ್ದು. ಆದರೆ ಗಂಡಿಗೊಂದು ಗುರುತು, ಹೆಣ್ಣಿಗೊಂದು ಗುರುತು ಎನ್ನುವುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತವಳು. ನಮ್ಮ ತವರಿನಲ್ಲಿ ವರ್ಷಕ್ಕೊಮ್ಮೆ ಸತ್ತ ಹಿರಿಯರಿಗೆ ಬಡಿಸುವ ಕ್ರಮ ಉಂಟು. ಅಗೆಲು ಹಾಕುವುದು ಎನ್ನುತ್ತೇವೆ. ಮುಸ್ಸಂಜೆಗೆ ನಡುಮನೆ ಗುಡಿಸಿ ಬಾಳೆಲೆ ಹಾಕುತ್ತಾರೆ. ಒಂದು ಸಾಲು ಗಂಡಸರಿಗೆ, ಎದುರಿನ ಸಾಲು ಹೆಂಗಸರಿಗೆ. ಗಂಡಸರ ಎಲೆಯ ಹಿಂದೆ ಮಡಚಿದ ಬಿಳಿ ಮುಂಡು, ಬದಿಯಲ್ಲಿ ಬೀಡಿ, ಒಂದು ಕುಡ್ತೆ ಕಳ್ಳು. ಹೆಂಗಸರ ಎಲೆಯ ಹಿಂದೆ ಸೀರೆ, ಗಾಜಿನ ಬಳೆ, ವೀಳ್ಯ, ಹೂವು. ಕೋಳಿ, ರೊಟ್ಟಿ, ಮೀನು ಎಲ್ಲರಿಗೂ. ಬಡಿಸಿ ಆದ ಮೇಲೆ ಬಾಗಿಲು ಹಾಕಿಕೊಂಡು ನಾವೆಲ್ಲ ಹೊರಗೆ ನಿಲ್ಲಬೇಕು. ಒಳಗೆ ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಮನೆಯ ಹಿರಿಯ ಗಂಡಸು ಕೆಮ್ಮಿ, ಬಾಗಿಲು ತಟ್ಟಿ ತೆರೆಯುವುದು. ಸತ್ತವರು ನಾಚಿಕೊಂಡು ಎದ್ದು ಹೋಗಲಿಕ್ಕೆ ಅಷ್ಟು ಸಮಯ ಬೇಕಲ್ಲ.

ನಮ್ಮ ಚಿಕ್ಕಂದಿನಲ್ಲಿ ಗಂಡಸರ ಸಾಲಿಗೆ ಎಲೆ ಹಾಕುವುದು ಗಂಡುಮಕ್ಕಳ ಕೆಲಸ, ಹೆಂಗಸರ ಸಾಲಿನಲ್ಲಿ ಬಳೆ, ಹೂವು ಇಡುವುದು ಹೆಣ್ಣುಮಕ್ಕಳ ಕೆಲಸ. ನಾವು ಮೂವರು. ಅಣ್ಣ, ನಾನು, ನನ್ನ ಹಿಂದೆ ಹುಟ್ಟಿದ ಜನಾರ್ದನ. ಅಣ್ಣ ಮುಂಡು ಹಿಡಿದು ಆ ಕಡೆ ಹೋದರೆ ಜನಾರ್ದನ ಬಳೆಯ ತಟ್ಟೆ ಹಿಡಿದು ನನ್ನ ಹಿಂದೆ ಬರುತ್ತಿತ್ತು. ಎಷ್ಟು ಬೈದರೂ ಅಷ್ಟೇ. ಬಳೆಗಳನ್ನು ಬಣ್ಣ ನೋಡಿ ಜೋಡಿಸುವುದರಲ್ಲಿ ನನಗಿಂತ ಚುರುಕು. ನಾನು ಆಗಲೂ ಕೈಯಲ್ಲಿದ್ದದ್ದನ್ನು ಬೀಳಿಸುವವಳೇ. ಒಂದು ಸಲ ಚಿಕ್ಕಪ್ಪ ಕಿವಿ ಹಿಡಿದು ಎಳೆದುಕೊಂಡು ಹೋಗಿ ಹಟ್ಟಿಯ ಕಂಬಕ್ಕೆ ಕಟ್ಟಿಹಾಕಿದರು. ದೊಡ್ಡದಾದ ಮೇಲೆ ಕೂದಲು ಬೆಳೆಸಿದಾಗ ಅದೇ ಚಿಕ್ಕಪ್ಪ ಕತ್ತರಿ ತಂದು ಅಂಗಳದಲ್ಲಿ ಕೂರಿಸಿ ಕತ್ತರಿಸಿದರು. ಅವ್ವ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಸಂಜೆ ಆ ಕುರುಚಲು ತಲೆಗೆ ಎಣ್ಣೆ ಹಚ್ಚಿ, ತನ್ನ ಮುಡಿಯಲ್ಲಿದ್ದ ಅಬ್ಬಲಿಗೆಯ ತುಂಡೊಂದನ್ನು ತೆಗೆದು ಅದರ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. ಅವ್ವನಿಂದ ಆದದ್ದು ಅಷ್ಟೇ.

ಅದು, ಇದು ಎಂದು ಬರೆಯುತ್ತಿದ್ದೇನಲ್ಲ, ನಮ್ಮಲ್ಲಿ ಚಿಕ್ಕವರನ್ನು ಪ್ರೀತಿಯಿಂದ ಹಾಗೇ ಹೇಳುವುದು. ಇನ್ನು ಮುಂದೆ ಅವಳು ಎನ್ನುತ್ತೇನೆ. ಮನೆ ಬಿಟ್ಟು ಹೋಗಿ ಕೆಲವು ವರ್ಷದ ಮೇಲೆ ಕಬಕದಲ್ಲಿ ಬಾಡಿಗೆಗೆ ಕೋಣೆ ಹಿಡಿದಾಗ ಅವಳು ಜಾನಕಿ ಆಗಿದ್ದಳು. ಜಂಕ್ಷನ್ನಿನ ಬದಿಯಲ್ಲಿ ಬುಟ್ಟಿಯಿಟ್ಟು ಮಲ್ಲಿಗೆ ಮಾರುತ್ತಿದ್ದಳು. ಅವಳ ಹತ್ತಿರ ಚೆಂಡುಗಟ್ಟಲೆ ಮಲ್ಲಿಗೆ ಕೊಂಡು ದೇವರಿಗೆ ಹಾಕಿದವರು, ಮದುಮಗಳ ಜಡೆಗೆ ಮುಡಿಸಿದವರು ಬೇಕಾದಷ್ಟು ಜನ. ಬಾಡಿಗೆಗೆ ಮನೆ ಕೇಳಿದರೆ ಮಾತ್ರ ಅವರಿಗೆಲ್ಲ ನೆಂಟರು ಬರುವವರಿದ್ದರು. ಕೋಣೆ ಕೊಟ್ಟದ್ದು ಐಸಮ್ಮ ಎಂಬ ಬ್ಯಾರಿ ಹೆಂಗಸು. ಪುತ್ತೂರು ಪೇಟೆಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ನಾನು ಕಬಕಕ್ಕೆ ಹೋಗುತ್ತಿದ್ದೆ. ಬರಿಗೈಯಲ್ಲಿ ವಾಪಸು ಬಂದರೆ ಯಜಮಾನರಿಗೆ ಸಂಶಯ ಬಂದೀತೆಂದು ದಾರಿಯಲ್ಲಿ ಬೇಡದ ತರಕಾರಿ ಕೊಂಡು ತರುವುದು. ನಮ್ಮ ಮನೆಯಲ್ಲಿ ಆ ಕಾಲದಲ್ಲಿ ತಿಂದಷ್ಟು ಮೂಲಂಗಿ ಯಾರೂ ತಿಂದಿರಲಾರರು.

ಅವ್ವ ಸತ್ತಾಗ ಜಾನಕಿ ಬಂದಿದ್ದಳು. ಬೇಲಿಯ ದಣಪೆಯಿಂದ ಒಳಗೆ ಬಿಡಲಿಲ್ಲ. ಷರಟು ಹಾಕಿಕೊಂಡು ಬಂದರೆ ಬಿಡಬಹುದು ಎಂದು ಅಣ್ಣ ಹೇಳಿ ಕಳುಹಿಸಿದ. ಅವಳು ರಸ್ತೆಯ ಆಚೆ ನಿಂತು, ಹೊಗೆ ಏಳುವುದನ್ನು ನೋಡಿ ಹೋದಳು. ಮುಂದಿನ ಸಲ ನಾನು ಕಬಕಕ್ಕೆ ಹೋದಾಗ ಹೂ ಕಟ್ಟುತ್ತಾ, ತಲೆ ಎತ್ತದೆ, ಒಂದು ಮಾತು ಹೇಳಿದಳು. ಅರೆಭಾಷೆಯಲ್ಲಿ ಹೇಳಿದ್ದನ್ನು ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ.

“ಬದುಕಿರುವಷ್ಟು ದಿನ ಎಲ್ಲಿ ಬೇಕಾದ್ರೂ ಕೂತೇನು ಅಕ್ಕ. ಸತ್ತ ಮೇಲೆ ನನ್ನನ್ನು ಆ ಸಾಲಿಗೆ ಹಾಕ್ಲಿಕ್ಕೆ ಬಿಡ್ಬೇಡ. ಅವ್ವನ ಹತ್ರ ಒಂದು ಎಲೆ ಹಾಕ್ಸು, ಸಾಕು.”

ಆಯಿತು ಎಂದೆ. ಇಷ್ಟು ಸಣ್ಣ ವಿಷಯ, ಒಂದು ಬಾಳೆಲೆ, ಅದಕ್ಕೆ ಯಾರು ಅಡ್ಡ ಬರುತ್ತಾರೆ ಎಂದು ನನ್ನ ಎಣಿಕೆ. ನನ್ನ ಬುದ್ಧಿಗೆ ಅಷ್ಟೇ ಎಟುಕುವುದು.

ಕಾಮಾಲೆಯಲ್ಲಿ ಹೋದಳು. ಫೋನ್ ಮಾಡಿದ್ದು ಐಸಮ್ಮ. “ನಿಮ್ಮ ತಂಗಿ ಹೋದ್ಲು ಮಾರಾಯ್ರೆ” ಎಂದರು. ತಂಗಿ ಎಂಬ ಶಬ್ದವನ್ನು ನಾನು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅಣ್ಣ ಜೀಪು ಮಾಡಿಕೊಂಡು ಬಂದ. ಮನೆತನದ ಹೆಣ ಅನಾಥವಾಗಬಾರದಲ್ಲ. ಬದುಕಿದ್ದಾಗ ದಣಪೆ ದಾಟಲಿಕ್ಕೆ ಬಿಡದವಳನ್ನು ಸತ್ತ ಮೇಲೆ ಎತ್ತಿಕೊಂಡು ದಾಟಿಸಿದರು. ಅಂಗಳದಲ್ಲೇ ಗಂಡಸರು ಮೀಯಿಸಿದರು, ಕೂದಲು ಕತ್ತರಿಸಿದರು, ಮುಂಡು ಉಡಿಸಿದರು, ಷರಟು ತೊಡಿಸಿದರು. ಆ ಷರಟು ಅಣ್ಣನದ್ದೇ. ಕೊನೆಗೂ ಅವನ ಮಾತೇ ನಡೆಯಿತು, ಷರಟು ಹಾಕಿಸಿಯೇ ಒಳಗೆ ಬಿಟ್ಟ.

ಬೊಜ್ಜದ ದಿನ ಸತ್ತವರನ್ನು ಹಿರಿಯರ ಜೊತೆ ಸೇರಿಸುವುದು. ಅಂದು ಯಾವ ಸಾಲಿಗೆ ಎಲೆ ಬೀಳುತ್ತದೋ ಮುಂದೆ ಪ್ರತಿ ವರ್ಷ ಅಲ್ಲಿಯೇ. ಐಸಮ್ಮ ಒಗೆದು ಮಡಚಿ ಕೊಟ್ಟಿದ್ದ ಜಾನಕಿಯ ಹಸಿರು ಸೀರೆ, ಬಳೆ ಹಿಡಿದುಕೊಂಡು ನಾನು ಹೋದೆ. ಅಣ್ಣನನ್ನು ಬದಿಗೆ ಕರೆದು ಅವಳ ಮಾತು ಹೇಳಿದೆ. ಅವನು ಜೋರು ಮಾಡಲಿಲ್ಲ. ಸೀರೆಯನ್ನು ಪುನಃ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ನನ್ನ ಕೈಗೇ ಕೊಟ್ಟ.

“ಬದುಕಿದ್ದಾಗ ಹಾಳಾಯ್ತು. ಸತ್ತ ಮೇಲಾದ್ರೂ ಗಂಡಸಾಗಿ ಇರ್ಲಿ. ನೀನು ಬೇರೆ ಮನೆಗೆ ಕೊಟ್ಟ ಹೆಣ್ಣು, ಈ ಮನೆಯ ಎಲೆ ವಿಷಯ ನಿನಗೆ ಎಂತಕ್ಕೆ?”

ನಾನು ಬಿಡಲಿಲ್ಲ. ನೆಂಟರ ಎದುರೇ ಕೇಳಿದೆ. ನಮ್ಮ ಮನೆಯ ದೈವ ಹೆಣ್ಣು, ಅದರ ವೇಷ ಕಟ್ಟುವುದು ಗಂಡಸು, ನೇಮದ ದಿನ ನೀನು ಅವರ ಎದುರು ಅಡ್ಡಬಿದ್ದು ಅಮ್ಮಾ ಎನ್ನುವುದಿಲ್ಲವಾ, ಸ್ವಂತ ಒಡಹುಟ್ಟನ್ನು ತಂಗಿ ಎನ್ನಲಿಕ್ಕೆ ನಾಲಗೆ ಸುಡುತ್ತದಾ ಎಂದೆ. ದೈವದ ಮಾತು ಎತ್ತಿದ್ದಕ್ಕೆ ಎಲ್ಲರೂ ನನ್ನ ಮೇಲೆಯೇ ಬಿದ್ದರು. ಎಲೆ ಗಂಡಸರ ಸಾಲಿಗೇ ಬಿತ್ತು. ಎಲ್ಲಿ ಗೊತ್ತಾ? ಚಿಕ್ಕಪ್ಪನ ಪಕ್ಕದಲ್ಲಿ. ಅವರ ನಂತರ ಸತ್ತ ಗಂಡಸು ಇವಳೇ ಎಂದು ಲೆಕ್ಕ. ಅಂದಿನಿಂದ ಪ್ರತಿ ವರ್ಷ, ಬಾಗಿಲು ಹಾಕಿದ ಮೇಲೆ, ಕಿವಿ ಹಿಡಿದು ಎಳೆದವನ ಪಕ್ಕದಲ್ಲಿ ಅವಳು ಕೂರಬೇಕು. ಮುಟ್ಟಿಯೇ ಗೊತ್ತಿಲ್ಲದ ಬೀಡಿ ಎದುರಿಗೆ. ಆಚೆ ಸಾಲಿನಲ್ಲಿ ಅವ್ವ.

ಇದನ್ನೆಲ್ಲ ಅಂದು ಊಟ ಆದ ಮೇಲೆ ಸಿಂಚನಳಿಗೆ ಹೇಳಿದೆ. ಅವಳಿಗೆ ಗೊತ್ತಿದ್ದದ್ದು ಕಾಮಾಲೆಯಲ್ಲಿ ತೀರಿಹೋದ ಜನಾರ್ದನ ಚಿಕ್ಕಪ್ಪ ಮಾತ್ರ. ಆಮೇಲೆ ಪೆನ್ನು ಎತ್ತಿ, ಚಾರ್ಟಿನ ಕೆಳಗೆ, ಆ ಮೂರು ಕಡ್ಡಿಯ ಸೊನ್ನೆಯೊಂದನ್ನು ಇನ್ನೊಮ್ಮೆ ಬರೆದು ಅದರ ಬದಿಯಲ್ಲಿ ‘ನನ್ನ ಅತ್ತೆ ಜಾನಕಿ, ಕಬಕ’ ಎಂದು ದಪ್ಪ ಅಕ್ಷರದಲ್ಲಿ ಬರೆದಳು.

ಚಾರ್ಟಿಗೆ ಮೊದಲ ಬಹುಮಾನ ಬಂತು. ಹುಡುಗಿ ಅಪ್ಪನಿಗೆ ಫೋಟೊ ಕಳುಹಿಸಿದಳು. ಅಣ್ಣ ಅದನ್ನು ಸ್ಟೇಟಸ್ಸಿಗೆ ಹಾಕಿದ. ಮಗಳ ಸಾಧನೆ ಎಂದು ಬರೆದು ಎರಡು ಕೈ ಮುಗಿದ ಚಿತ್ರ ಬೇರೆ. ನಾನು ಕನ್ನಡಕ ಹಾಕಿಕೊಂಡು ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದೆ. ಬಾಣ ಉಂಟು, ಶಿಲುಬೆ ಉಂಟು, ಬಾವುಟ ಉಂಟು. ಕೆಳಗಿನ ಸಾಲು ಇಲ್ಲ. ಜಾನಕಿಯ ಹೆಸರು ಎಲ್ಲಿ ಸುರುವಾಗುತ್ತದೋ ಸರಿಯಾಗಿ ಅದರ ಮೇಲಿನಿಂದ ಫೋಟೊ ಕತ್ತರಿಸಿದ್ದ. ನಮ್ಮ ಮನೆಯ ಗಂಡಸರಿಗೆ ಕತ್ತರಿ ಹಿಡಿಯಲಿಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಕಳೆದ ವಾರ ಅಗೆಲು. ಸಿಂಚನಳೂ ನಾನೂ ಹೋದೆವು. ಎಲೆಗಳೆಲ್ಲ ಬಿದ್ದ ಮೇಲೆ, ಎಲ್ಲರೂ ಇರುವಾಗಲೇ ಅವಳು ಕೇಳಿದಳು. “ಅಪ್ಪ, ಜಾನಕಿ ಅತ್ತೆಯ ಎಲೆ ಯಾವುದು?”

ಅಣ್ಣ ಮಗಳ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. “ಅದೆಲ್ಲ ಕಾಲೇಜಿಗೆ ಆಯ್ತು. ಇದು ಮನೆ” ಎಂದ. ಬೀಡಿ ಇಟ್ಟು ಹೊರಗೆ ಬಂದು ಬಾಗಿಲು ಹಾಕಿದ. ಬಹುಮಾನದ ಪತ್ರಕ್ಕೆ ಚೌಕಟ್ಟು ಹಾಕಿಸಿ ಅದೇ ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದಾನೆ. ನಾವು ಹೊರಗೆ ನಿಂತು ಅದನ್ನು ಓದುತ್ತಾ ಇದ್ದೆವು.

ಬೇಡುವುದನ್ನು ನಾನು ಅಲ್ಲಿಗೆ ಬಿಟ್ಟೆ. ಹಸಿರು ಸೀರೆ ನನ್ನ ಕಪಾಟಿನಲ್ಲಿಯೇ ಉಂಟು, ಬಳೆಯೂ ಉಂಟು. ಆದಿತ್ಯವಾರ ನನ್ನ ಮಗ ಬಂದಿದ್ದ. ಕಡಬದಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ನಾಳೆ ನಾನು ಸತ್ತರೆ ಈ ಮನೆಯಲ್ಲಿ ನನಗೆ ಎಲೆ ಹಾಕಬೇಕಾದವನು ಅವನೇ. ಕೂರಿಸಿ ಸೀರೆ ತೋರಿಸಿದೆ. ನನ್ನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿ, ಹಿಂದೆ ಈ ಸೀರೆ ಇಟ್ಟು, ಒಂದು ಚೆಂಡು ಮಲ್ಲಿಗೆ ಇಡಬೇಕು ಎಂದೆ. ಯಾರದ್ದು ಎಂದು ಕೇಳಿದರೆ ಎಂತ ಹೇಳುವುದು ಎಂದ.

“ತಂಗಿಯದ್ದು ಅಂತ ಹೇಳು.”

ಅವನು ತಲೆ ಕೆರೆದುಕೊಂಡ. ಅವನೂ ಗಂಡಸೇ ಅಲ್ಲವಾ, ಕ್ರಮದ ಚಿಂತೆ. “ಬೇರೆ ಮನೆಯವರನ್ನು ನಮ್ಮ ಹಿರಿಯರು ಒಳಗೆ ಬಿಡ್ತಾರಾ ಅಮ್ಮ?”

“ಬಿಡದಿದ್ರೆ ನಂದೂ ಎಲೆ ಎತ್ತಿ ಜಗಲಿಗೆ ಹಾಕು” ಎಂದೆ. “ನಾವಿಬ್ಬರೂ ಹೊರಗೆ ಕೂತು ಉಣ್ತೇವೆ.”