ಕೂಳೂರು ಹೊಳೆಗೆ ಬಿಟ್ಟು ಬಂದ ಹೆಸರು

ನನ್ನ ಸೋದರಮಾವನ ಗೆಳೆಯನನ್ನು ನಾನು ಮನೆಯಿಂದ ಓಡಿಸಿದೆ. ಮಾವ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅವರಿಗೆ ಗೊತ್ತಾಗದ ಹಾಗೆ ಓಡಿಸಿದೆ. ಆ ಗೆಳೆಯ ಸತ್ತು ಐವತ್ತು ವರ್ಷ ಕಳೆದಿತ್ತು. ಸತ್ತವನನ್ನು ಓಡಿಸುವುದೆಂದರೆ ಎಂತದ್ದು ಎಂದು ನಗುವವರು ನಗಲಿ. ನಾನು ಮಾಡಿದ್ದು ಹೌದು, ಮಾವ ಅದನ್ನು ತಿಳಿಯದೆಯೇ ತೀರಿಕೊಂಡದ್ದೂ ಹೌದು.

ಪಡೀಲಿನಲ್ಲಿ ಮಾವನನ್ನು ಎಲ್ಲರೂ ಮಿಲಿಟ್ರಿ ಬಾಬಣ್ಣ ಎನ್ನುತ್ತಿದ್ದರು. ಬಾಂಗ್ಲಾ ಯುದ್ಧ ಕಂಡು, ಸರ್ವೀಸು ಮುಗಿಸಿ ಬಂದವರು ಮದುವೆಯಾಗಲಿಲ್ಲ. ನಮ್ಮ ಕಡೆ ತಾಯಿಯ ಮನೆಯೇ ಮನೆ. ತಂಗಿಯ ಜೊತೆ, ಅಂದರೆ ನನ್ನ ಅಮ್ಮನ ಜೊತೆ, ಇದ್ದುಬಿಟ್ಟರು. ಹಿತ್ತಿಲಲ್ಲಿ ಹಟ್ಟಿ ಕಟ್ಟಿ ಎಮ್ಮೆ ಸಾಕಿದರು. ಒಂದು ಕಾಲಕ್ಕೆ ಹನ್ನೆರಡು ಎಮ್ಮೆಗಳಿದ್ದವು. ಬೆಳಿಗ್ಗೆ ಸೈಕಲ್ಲಿನಲ್ಲಿ ಕುಲಶೇಖರದ ಮನೆಮನೆಗೆ ಹಾಲು. ಎಮ್ಮೆಗಳಿಗೆ ಅವರು ಹಿಂದಿಯಲ್ಲೇ ಬೈಯುತ್ತಿದ್ದರು, ಅವುಗಳಿಗೆ ತನಗಿಂತ ಚೆನ್ನಾಗಿ ಹಿಂದಿ ಬರುತ್ತದೆ ಎಂದು ಅಮ್ಮ ತಮಾಷೆ ಮಾಡುತ್ತಿದ್ದರು. ನನ್ನ ಗಂಡ ತೀರಿಹೋದ ಮೇಲೆ ಆ ಹಾಲಿನಿಂದಲೇ ಮಾವ ನನ್ನನ್ನೂ ನನ್ನ ಮಗಳು ದೀಕ್ಷಾಳನ್ನೂ ಸಾಕಿದರು.

ಮಳೆಗಾಲದ ಆಟಿ ತಿಂಗಳಲ್ಲಿ ನಾವು ಮನೆಯ ಕುಲೆಗಳಿಗೆ, ಎಂದರೆ ತೀರಿಹೋದ ಹಿರಿಯರಿಗೆ, ಬಡಿಸುತ್ತೇವೆ. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಹೆಸರು ಹಿಡಿದು ಕರೆದು, ಬಾಗಿಲು ಎಳೆದು ಸ್ವಲ್ಪ ಹೊತ್ತು ಹೊರಗೆ ಕಾಯುವುದು. ನಮ್ಮ ಮನೆಯಲ್ಲಿ ಮಾತ್ರ ಒಂದು ಎಲೆ ಹೆಚ್ಚು. ಕೋಳಿಸಾರು ಸುರಿದ ಕೋರಿ ರೊಟ್ಟಿಯ ಎಲೆಗಳ ಸಾಲಿನಲ್ಲಿ ಅದೊಂದು ಎಲೆಗೆ ಎರಡು ದಪ್ಪ ಚಪಾತಿ, ಮೇಲೆ ಎಮ್ಮೆಬೆಣ್ಣೆ, ಪಕ್ಕದಲ್ಲಿ ತುಂಬಿದ ನೀರಿನ ಲೋಟ. ಚಪಾತಿ ಮಾವನೇ ಲಟ್ಟಿಸಬೇಕು. ಕೊನೆಗೆ ಬಗ್ಗಿ ಒಂದು ಹೆಸರನ್ನು ಪಿಸುಗುಟ್ಟುತ್ತಿದ್ದರು. ಯಾರದ್ದೆಂದು ಅಮ್ಮ ಕೇಳಿದರೆ, "ನನ್ನ ದೋಸ್ತಿ" ಎಂದಷ್ಟೇ ಹೇಳುತ್ತಿದ್ದರು.

ಅಮ್ಮ ಹೋದ ಮೇಲೆ, ಮಾವನಿಗೆ ಮೊಣಕಾಲು ಬಗ್ಗದ ಹಾಗೆ ಆದ ವರ್ಷ, ನನ್ನನ್ನು ಹಟ್ಟಿಗೆ ಕರೆದು ಆ ಹೆಸರನ್ನು ಅವನ ಅಪ್ಪನ ಹೆಸರಿನ ಸಮೇತ ಹೇಳಿದರು.

"ಯುದ್ಧದಲ್ಲಿ ಒಂದು ದಿವಸ ನೀರು ತರುವ ಸರದಿ ನನ್ನದಾಗಿತ್ತು ಮಗಾ. ಕಾಲುನೋವು ಅಂತ ಹೇಳಿದೆ. ಅವನು ಕ್ಯಾನು ತಗೊಂಡು ಹೋದ. ಹೆಣ ಸಹ ಸಿಗ್ಲಿಲ್ಲ." ಎಮ್ಮೆಯ ಬೆನ್ನು ಸವರಿದರು. "ನನಗೆ ಕಾಲುನೋವು ಇರ್ಲಿಲ್ಲ."

ಅವನಿಗೆ ಅಪ್ಪ ಅಮ್ಮ ಇರಲಿಲ್ಲವಂತೆ, ಹಿಂದೆ ಮುಂದೆ ಯಾರೂ ಇರಲಿಲ್ಲವಂತೆ. ಸತ್ತ ಮೇಲೆ ಅನ್ನ ಹಾಕುವವರು ಯಾರು? ಅದಕ್ಕೇ ನಮ್ಮ ಮನೆಗೆ ಕರೆದುಕೊಂಡು ಬಂದೆ ಎಂದರು. "ಇನ್ನು ಮೇಲೆ ನೀನು ಕರೀಬೇಕು. ಹೆಸರು ಮಾತ್ರ ಯಾರಿಗೂ ಹೇಳ್ಬೇಡ ಆಯ್ತಾ. ಕುಲೆಯ ಹೆಸರು ಸಿಕ್ಕಿದವ ಎಂತ ಬೇಕಾದ್ರೂ ಮಾಡ್ಬಹುದು."

ಹೇಳುವುದಿಲ್ಲ ಎಂದು ಅವರ ಕೈಮುಟ್ಟಿ ಹೇಳಿದೆ.

ಆಮೇಲೆ ದೀಕ್ಷಾಳ ಮದುವೆಯ ಚಿಂತೆ ಹತ್ತಿತು. ಬಂದ ಸಂಬಂಧಗಳೆಲ್ಲ ಮಾತುಕತೆ ಮುಗಿಯುವಷ್ಟರಲ್ಲಿ ತಪ್ಪುತ್ತಿದ್ದವು. ಹುಡುಗಿ ನೋಡಿ ಒಪ್ಪಿ ಹೋದವರೇ ಮರುವಾರ ಫೋನೆತ್ತುತ್ತಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಅದೇ ಹೊತ್ತಿಗೆ ಮಾವ ಹಟ್ಟಿಯಲ್ಲಿ ಜಾರಿ ಬಿದ್ದರು. ಮೂರು ವಾರ ಆಸ್ಪತ್ರೆ. ಆಗ ನಾನು ಪ್ರಶ್ನೆ ಇಡಿಸಿದೆ. ಜೋಯಿಸರು ಕವಡೆ ಆಚೆ ಈಚೆ ಮಾಡಿ, "ನಿಮ್ಮ ಕುಟುಂಬಕ್ಕೆ ಸೇರದ ಒಂದು ಜೀವ ನಿಮ್ಮ ಮನೆಯ ಊಟ ಉಣ್ತಾ ಉಂಟು. ಅದು ಇರುವಷ್ಟು ದಿವಸ ಮನೆಯಲ್ಲಿ ಮಂಗಲ ಕಾರ್ಯ ಇಲ್ಲ" ಎಂದರು. ಆ ಎಲೆಯ ವಿಷಯ ಅವರಿಗೆ ನಾನು ಹೇಳಿರಲಿಲ್ಲ. ಊರಲ್ಲಿ ನಾಲ್ಕು ಮಂದಿಗೆ ಗೊತ್ತಿತ್ತು, ಜೋಯಿಸರ ಕಿವಿಗೂ ಬಿದ್ದಿರಬಹುದು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಅನಿಸಿದ್ದರೂ...

ದೀಕ್ಷಾ ಮನೆಯಲ್ಲಿಲ್ಲದ ದಿನ ನೋಡಿ ಉಚ್ಚಾಟನೆ ಮಾಡಿಸಿದೆ. ಕ್ರಿಯೆಗೆ ಕೂತ ಭಟ್ಟರು ಅಕ್ಕಿಹಿಟ್ಟಿನ ಬೊಂಬೆ ಮುಂದಿಟ್ಟುಕೊಂಡು, "ಹೆಸರು ಗೊತ್ತುಂಟಾ? ಹೆಸರಿಲ್ಲದೆ ಅದು ಹೊರಡುವುದಿಲ್ಲ" ಎಂದರು.

ಗೊತ್ತಿಲ್ಲ ಎನ್ನಬಹುದಿತ್ತು. ಯಾರೂ ನನ್ನ ಬಾಯಿ ಬಿಡಿಸಲಿಲ್ಲ. ನಾನೇ ಹೇಳಿದೆ, ಗಟ್ಟಿಯಾಗಿ, ಅವನ ಅಪ್ಪನ ಹೆಸರಿನ ಸಮೇತ. ಮಧ್ಯಾಹ್ನ ಬೊಂಬೆಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಿ, ಕೂಳೂರು ಸೇತುವೆಯ ಕೆಳಗೆ ಹೊಳೆಗೆ ಬಿಟ್ಟು ತಿರುಗಿ ನೋಡದೆ ಬಂದೆ. ಸಂಜೆ ಆಸ್ಪತ್ರೆಗೆ ಗಂಜಿ ಒಯ್ದೆ. "ಮನೆಯಲ್ಲಿ ಎಂತ ವಿಶೇಷ?" ಎಂದು ಮಾವ ಕೇಳಿದರು. ಏನಿಲ್ಲ ಎಂದೆ.

ಆಟಿ ಬಂತು. ಮಾವ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಒಳಕೋಣೆಯಲ್ಲಿ ಮನೆಯವರ ಎಲೆಗಳನ್ನಷ್ಟೇ ಹಾಕಿ ಬಾಗಿಲು ಎಳೆದೆ. ಪಕ್ಕದ ಕೋಣೆಯಿಂದ ಕರೆದರು.

"ಬಡಿಸಿದ್ಯಾ ಅವನಿಗೆ?"

"ಬಡಿಸಿದೆ ಮಾವ."

"ಹೆಸರು ಹೇಳಿ ಕರೆದ್ಯಾ?"

"ಕರೆದೆ."

"ನೀರು ಇಟ್ಯಾ?"

ಹ್ಞೂಂ ಎಂದೆ. ಮಾವ ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಡಿದರು. "ನೀನು ಇದ್ದದ್ದು ಒಳ್ಳೆದಾಯ್ತು" ಎಂದರು. ಇದಕ್ಕಿಂತ ಅವರು ನನಗೆ ಹೊಡೆದಿದ್ದರೆ ಒಳ್ಳೆಯದಿತ್ತು.

ಆಟಿ ಕಳೆದು ನಾಲ್ಕು ತಿಂಗಳಿಗೆ ಅವರು ಹೋದರು. ಹೋಗುವ ಎರಡು ದಿನ ಮೊದಲು, ನಾನು ಬೆನ್ನು ಒರೆಸುತ್ತಿದ್ದಾಗ, ಬಹಳ ನಿಧಾನವಾಗಿ ಹೇಳಿದರು: "ಬೊಜ್ಜದ ದಿವಸ ನನ್ನನ್ನು ಹಿರಿಯರ ಸಾಲಿಗೆ ಸೇರಿಸ್ತೀರಲ್ಲ, ಆಗ ಅವನನ್ನೂ ಒಟ್ಟಿಗೆ ಕರೆ. ಪಕ್ಕದಲ್ಲಿ ಕೂರಿಸು. ಕಾಲುನೋವಿನ ವಿಷಯ ನಾನು ಅವನಿಗೆ ಹೇಳ್ಬೇಕು. ಇಷ್ಟು ವರ್ಷ ಬಡಿಸಿದೆ, ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ಆಗಲಾದರೂ ಹೇಳಬಹುದಿತ್ತು. "ಆಯ್ತು ಮಾವ" ಎಂದೆ.

ಬೊಜ್ಜದ ದಿನ, ಉತ್ತರಕ್ರಿಯೆಗೆ ಮನೆ ತುಂಬ ಜನ. ಕುಟುಂಬದ ಹಿರಿಯರು ಮಾವನ ಹೆಸರು ಹಿಡಿದು ಒಳಗೆ ಕರೆದರು. ಬೇರೆ ಯಾರನ್ನಾದರೂ ಕರೆಯಬೇಕೇ ಎಂದು ಪದ್ಧತಿಯಂತೆ ನನ್ನ ಮುಖ ನೋಡಿದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಬಾಗಿಲು ಎಳೆದರು. ಹೊರಗೆ ನಿಂತು ನಾನು ಅತ್ತಾಗ ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ಮಾವ ಎಂದರೆ ಇವಳಿಗೆ ಪ್ರಾಣ ಎಂದು ಯಾರೋ ಹೇಳುತ್ತಿದ್ದರು.

ಹದಿನೈದು ದಿನ ಕಳೆದ ಮೇಲೆ, ಇನ್ನಾದರೂ ನಿನ್ನ ಮದುವೆಯಾಗುತ್ತದೆ, ಅಡ್ಡಿಯಾಗಿದ್ದದ್ದನ್ನು ತೆಗೆಸಿದ್ದೇನೆ ಎಂದು ದೀಕ್ಷಾಳಿಗೆ ಬಾಯಿತಪ್ಪಿ ಹೇಳಿದೆ. ಅವಳು ಕೆದಕಿ ಕೆದಕಿ ಎಲ್ಲವನ್ನೂ ಹೊರಗೆ ತೆಗೆದಳು. ಆಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು.

"ಎಂತಕ್ಕಮ್ಮ ಹಾಗೆ ಮಾಡಿದ್ದು? ಆ ಹುಡುಗರಿಗೆಲ್ಲ ನಾನೇ ಫೋನ್ ಮಾಡಿ ಬೇಡ ಹೇಳಿದ್ದು. ನನಗೆ ಈಗ ಮದುವೆ ಬೇಡ ಇತ್ತು. ನಿಮ್ಮ ಹತ್ರ ಹೇಳ್ಲಿಕ್ಕೆ ಹೆದರಿಕೆ ಆಯ್ತು." ಕೊನೆಗೆ, "ಅಜ್ಜನಿಗೆ ಗೊತ್ತಿತ್ತು" ಎಂದಳು.

ಮಾವನಿಗೆ ಗೊತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದರೇನೋ. ನಾನು ಕೇಳಿದ್ದು ಕವಡೆಯನ್ನು.

ಮರುದಿನವೇ ಆ ಭಟ್ಟರ ಮನೆಗೆ ಓಡಿದೆ. ಕಳಿಸಿದವನನ್ನು ತಿರುಗಿ ಕರೆಯಬಹುದೇ ಎಂದು ಕೇಳಿದೆ. "ಅದಕ್ಕೆ ಕ್ರಮ ಇಲ್ಲ ಅಕ್ಕ. ಹೋದದ್ದು ಹೋಯ್ತು" ಎಂದರು. ನಿಜವೋ ಸುಳ್ಳೋ, ಸತ್ತವರು ಬರುತ್ತಾರೋ ಇಲ್ಲವೋ, ನನಗೆ ತಿಳಿಯದು. ಬರುವುದೇ ಇಲ್ಲ ಎಂದಾದರೂ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಮಾವ ನಂಬಿದ್ದರು, ನಾನೂ ನಂಬಿದ್ದೆ. ನಂಬಿದ್ದಕ್ಕೇ ತಾನೇ ಹೊಳೆಗೆ ಬಿಟ್ಟದ್ದು.

ಬರುವ ಆಟಿಯಲ್ಲಿ ಮಾವನಿಗೆ ಬಡಿಸುವವಳು ನಾನೇ. ಕುಟುಂಬದವರೆಲ್ಲ ಬಂದು ಕೂತ ಮೇಲೆ, ಬಾಗಿಲು ಎಳೆಯುವ ಮೊದಲು, ಮಾಡಿದ್ದನ್ನೆಲ್ಲ ಅವರೆದುರು ಮಾವನಿಗೆ ಕೇಳುವ ಹಾಗೆ ಹೇಳುತ್ತೇನೆ. ಅದಾದ ಮೇಲೆ ನನ್ನ ಕೈಯ ಅನ್ನ ಉಣ್ಣುವುದೂ ಬಿಡುವುದೂ ಮಾವನಿಗೆ ಸೇರಿದ್ದು.